ಬ್ರೇಕ್ ಕ್ಯಾಲಿಪರ್ ಉನ್ನತೀಕರಣ

ಬ್ರೇಕ್ ಕ್ಯಾಲಿಪರ್ ಉನ್ನತೀಕರಣ ಎಂದರೆ ಕಾರಿನೊಡನೆ ಕಾರ್ಖಾನೆಯಿಂದಲೇ ಬಂದ ಡಿಸ್ಕ್ ಬ್ರೇಕ್ ಕ್ಯಾಲಿಪರ್‌ಗಳನ್ನು ತೆಗೆದು, ಅವುಗಳ ಸ್ಥಾನದಲ್ಲಿ ಗಾತ್ರದಲ್ಲಿ ದೊಡ್ಡದಾದ, ಸಾಮಾನ್ಯವಾಗಿ ಹೆಚ್ಚು ಪಿಸ್ಟನ್‌ಗಳುಳ್ಳ ಕ್ಯಾಲಿಪರ್‌ಗಳನ್ನು ಅಳವಡಿಸುವ ಕಾರ್ಯ. ಇದರ ಜೊತೆಗೆ ಹೆಚ್ಚು ವ್ಯಾಸದ ಡಿಸ್ಕ್, ಹೊಸ ಪ್ಯಾಡ್, ಕ್ಯಾಲಿಪರನ್ನು ಹಿಡಿದಿಡುವ ಬ್ರಾಕೆಟ್ ಹಾಗೂ ಹೊಸ ಬ್ರೇಕ್ ಹೋಸ್‌ಗಳನ್ನು ಕೂಡ ಬಹುಮಟ್ಟಿಗೆ ಅಳವಡಿಸಲಾಗುತ್ತದೆ. ಒಟ್ಟಾಗಿ ಮಾರಾಟವಾಗುವ ಈ ಸಾಮಗ್ರಿಗಳನ್ನು ವಾಹನ ಹವ್ಯಾಸಿಗಳು 'ಬಿಗ್ ಬ್ರೇಕ್ ಕಿಟ್' ಎಂದು ಕರೆಯುತ್ತಾರೆ.

ದೊಡ್ಡ ಕ್ಯಾಲಿಪರ್ ಹಾಕಿದ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಒಂದೇ ಒಂದು ತುರ್ತು ನಿಲುಗಡೆಯಲ್ಲಿ ದೂರವನ್ನು ನಿರ್ಧರಿಸುವುದು ಮುಖ್ಯವಾಗಿ ಟೈರಿನ ಹಿಡಿತ. ದೊಡ್ಡ ಬ್ರೇಕಿನ ನಿಜವಾದ ಪ್ರಯೋಜನವೆಂದರೆ ಮತ್ತೆ ಮತ್ತೆ ಬ್ರೇಕ್ ಹಾಕಿದಾಗ ಉಂಟಾಗುವ ಉಷ್ಣವನ್ನು ತಾಳಿಕೊಳ್ಳುವ ಸಾಮರ್ಥ್ಯ. ಇಡೀ ಬ್ರೇಕ್ ವ್ಯವಸ್ಥೆಯ ಲೆಕ್ಕವನ್ನು ಗಮನಿಸದೆ ಕೇವಲ ಕ್ಯಾಲಿಪರನ್ನು ಬದಲಾಯಿಸಿದರೆ ನಿಲುಗಡೆಯ ದೂರ ಹೆಚ್ಚುವ ಸಂಭವವೂ ಇದೆ.

ಇತಿಹಾಸ

ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದರು. ಆದರೂ ಮುಂದಿನ ಸುಮಾರು ಅರ್ಧ ಶತಮಾನ ಕಾರುಗಳಲ್ಲಿ ಡ್ರಮ್ ಬ್ರೇಕುಗಳೇ ಪ್ರಧಾನವಾಗಿದ್ದವು. ಡ್ರಮ್ ಬ್ರೇಕಿನಲ್ಲಿ ಘರ್ಷಣೆ ನಡೆಯುವ ಮೇಲ್ಮೈ ಮುಚ್ಚಿದ ಪೆಟ್ಟಿಗೆಯಂತಹ ಡ್ರಮ್ಮಿನ ಒಳಗಿರುವುದರಿಂದ ಉಷ್ಣ ಹೊರಹೋಗುವುದು ನಿಧಾನ. ಡಿಸ್ಕ್ ಬ್ರೇಕಿನಲ್ಲಿ ಆ ಮೇಲ್ಮೈ ಗಾಳಿಗೆ ತೆರೆದುಕೊಂಡಿರುತ್ತದೆ. ದೀರ್ಘಕಾಲದ ಓಟದ ಸ್ಪರ್ಧೆಗಳಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಕಂಡುಬಂದಿತು. ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಗಳ ಓಟದಲ್ಲಿ 1953ರಲ್ಲಿ ಗೆದ್ದ ಜಾಗ್ವಾರ್ ಸಿ-ಟೈಪ್ ಕಾರು ಡನ್‌ಲಪ್ ಸಂಸ್ಥೆಯ ಡಿಸ್ಕ್ ಬ್ರೇಕುಗಳನ್ನು ಹೊಂದಿತ್ತು. 1955ರಲ್ಲಿ ಬಿಡುಗಡೆಯಾದ ಸಿಟ್ರೊಯೆನ್ ಡಿಎಸ್ ಕಾರಿನ ಮೂಲಕ ಡಿಸ್ಕ್ ಬ್ರೇಕ್ ದೊಡ್ಡ ಸಂಖ್ಯೆಯಲ್ಲಿ ತಯಾರಾಗುವ ಕಾರುಗಳಿಗೂ ಬಂದಿತು.

ಇಟಲಿಯ ಬೆರ್ಗಾಮೊ ಪ್ರದೇಶದಲ್ಲಿ 1961ರಲ್ಲಿ ಆರಂಭವಾದ ಬ್ರೆಂಬೊ ಸಂಸ್ಥೆ 1975ರಿಂದ ಫೆರಾರಿಯ ಫಾರ್ಮುಲಾ ಒನ್ ಕಾರುಗಳಿಗೆ ಬ್ರೇಕ್ ಭಾಗಗಳನ್ನು ಪೂರೈಸಿತು. ಓಟದ ಕಾರುಗಳಿಗೆಂದು ರೂಪುಗೊಂಡ ಬಹು ಪಿಸ್ಟನ್‌ಗಳ ಕ್ಯಾಲಿಪರ್‌ಗಳು ಅನಂತರ ವೇಗದ ರಸ್ತೆ ಕಾರುಗಳಿಗೂ, ಅಲ್ಲಿಂದ ಹವ್ಯಾಸಿಗಳ ಮನೆಯ ಗ್ಯಾರೇಜುಗಳಿಗೂ ತಲುಪಿದವು.

ರಚನೆ ಮತ್ತು ಕಾರ್ಯವಿಧಾನ

ಚಾಲಕ ಪೆಡಲನ್ನು ಒತ್ತಿದಾಗ ಆ ಬಲ ವರ್ಧಕದ ಮೂಲಕ ಹೆಚ್ಚಾಗಿ ಮಾಸ್ಟರ್ ಸಿಲಿಂಡರನ್ನು ತಲುಪುತ್ತದೆ. ಅಲ್ಲಿ ಬ್ರೇಕ್ ದ್ರವದಲ್ಲಿ ಉಂಟಾದ ಒತ್ತಡ ಪಾಸ್ಕಲನ ನಿಯಮದಂತೆ ಕೊಳವೆಗಳ ಮೂಲಕ ಕ್ಯಾಲಿಪರಿಗೆ ಹರಡುತ್ತದೆ. ಕ್ಯಾಲಿಪರಿನ ಪಿಸ್ಟನ್‌ಗಳು ಪ್ಯಾಡ್‌ಗಳನ್ನು ಡಿಸ್ಕಿನ ಎರಡೂ ಮುಖಗಳಿಗೆ ಒತ್ತಿ ಹಿಡಿಯುತ್ತವೆ.

ಕ್ಯಾಲಿಪರ್‌ಗಳಲ್ಲಿ ಎರಡು ಮುಖ್ಯ ಬಗೆಗಳಿವೆ.

ತೇಲುವ ಕ್ಯಾಲಿಪರ್: ಇದರಲ್ಲಿ ಡಿಸ್ಕಿನ ಒಳಬದಿಗೆ ಮಾತ್ರ ಒಂದು ಅಥವಾ ಎರಡು ಪಿಸ್ಟನ್‌ಗಳಿರುತ್ತವೆ. ಪಿಸ್ಟನ್ ಒಳಗಿನ ಪ್ಯಾಡನ್ನು ಒತ್ತಿದಾಗ ಕ್ಯಾಲಿಪರಿನ ದೇಹ ಮಾರ್ಗದರ್ಶಕ ಪಿನ್ನುಗಳ ಮೇಲೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಇದು ಅಗ್ಗ ಮತ್ತು ಸರಳವಾದುದರಿಂದ ಬಹುಪಾಲು ಸಾಮಾನ್ಯ ಕಾರುಗಳಲ್ಲಿ ಬಳಕೆಯಲ್ಲಿದೆ.

ಸ್ಥಿರ ಕ್ಯಾಲಿಪರ್: ಇದರ ದೇಹ ಚಲಿಸುವುದಿಲ್ಲ. ಡಿಸ್ಕಿನ ಎರಡೂ ಬದಿಗೆ ಎದುರುಬದುರಾಗಿ ಪಿಸ್ಟನ್‌ಗಳಿದ್ದು, ಒಟ್ಟು ಸಂಖ್ಯೆ ಎರಡು, ನಾಲ್ಕು, ಆರು ಅಥವಾ ಅದಕ್ಕಿಂತ ಹೆಚ್ಚಿರಬಹುದು. ದೇಹ ಬಾಗುವುದು ಕಡಿಮೆಯಾದುದರಿಂದ ಪೆಡಲಿನ ಸ್ಪರ್ಶ ಗಟ್ಟಿಯಾಗಿರುತ್ತದೆ. ಉದ್ದನೆಯ ಪ್ಯಾಡಿನ ಮೇಲೆ ಒತ್ತಡವೂ ಹೆಚ್ಚು ಸಮನಾಗಿ ಹಂಚಿಕೆಯಾಗುತ್ತದೆ. ಉನ್ನತೀಕರಣದ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮಿನಿಂದ ಮಾಡಿದ ಈ ಬಗೆಯ ಕ್ಯಾಲಿಪರ್‌ಗಳಿರುತ್ತವೆ.

ನಿಲುಗಡೆಯ ದೂರ ಮತ್ತು ಟೈರಿನ ಮಿತಿ

ಬ್ರೇಕ್ ತಡೆಯುವುದು ಚಕ್ರವನ್ನು. ಕಾರನ್ನು ತಡೆಯುವುದು ರಸ್ತೆಗೂ ಟೈರಿಗೂ ನಡುವಣ ಘರ್ಷಣೆ. ಘರ್ಷಣಾ ಗುಣಾಂಕ 0.9 ಇರುವ ಒಣ ರಸ್ತೆಯಲ್ಲಿ ಗಂಟೆಗೆ 100 ಕಿ.ಮೀ. ವೇಗದ ಕಾರು, ಚಾಲಕನ ಪ್ರತಿಕ್ರಿಯೆಯ ಸಮಯವನ್ನು ಬಿಟ್ಟು, ಸುಮಾರು 44 ಮೀಟರ್ ದೂರದಲ್ಲಿ ನಿಲ್ಲಬಲ್ಲದು. ಈ ಲೆಕ್ಕದಲ್ಲಿ ಕ್ಯಾಲಿಪರಿನ ಗಾತ್ರ ಎಲ್ಲಿಯೂ ಬರುವುದಿಲ್ಲ. ಗುಣಾಂಕ 1.0 ಇರುವ ಉತ್ತಮ ಟೈರ್ ಹಾಕಿದರೆ ದೂರ ಸುಮಾರು 39 ಮೀಟರಿಗೆ ಇಳಿಯುತ್ತದೆ.

ಸುಸ್ಥಿತಿಯಲ್ಲಿರುವ ಕಾರ್ಖಾನೆ ಬ್ರೇಕುಗಳೇ ಚಕ್ರಗಳನ್ನು ಲಾಕ್ ಮಾಡುವಷ್ಟು, ಅಂದರೆ ಎಬಿಎಸ್ ವ್ಯವಸ್ಥೆ ಕೆಲಸ ಆರಂಭಿಸುವಷ್ಟು ಶಕ್ತವಾಗಿರುತ್ತವೆ. ಆ ಮಿತಿಯನ್ನು ತಲುಪಿದ ಮೇಲೆ ಬ್ರೇಕಿಗೆ ಇನ್ನಷ್ಟು ಬಲ ಸೇರಿಸಿದರೂ ರಸ್ತೆಯ ಮೇಲಿನ ಹಿಡಿತ ಹೆಚ್ಚುವುದಿಲ್ಲ.

ಉಷ್ಣ ನಿರ್ವಹಣೆ

ಬ್ರೇಕ್ ಕಾರಿನ ಚಲನಶಕ್ತಿಯನ್ನು ಉಷ್ಣವಾಗಿ ಪರಿವರ್ತಿಸುತ್ತದೆ. 1,500 ಕಿಲೋಗ್ರಾಂ ದ್ರವ್ಯರಾಶಿಯ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರ ಚಲನಶಕ್ತಿ ಸುಮಾರು 5.8 ಲಕ್ಷ ಜೂಲ್. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ಈ ಶಕ್ತಿಯ ಶೇಕಡಾ 70ರಷ್ಟು ಮುಂದಿನ ಎರಡು ಡಿಸ್ಕುಗಳಿಗೆ ಹೋಗುತ್ತದೆ ಎಂದು ಭಾವಿಸಿದರೆ, 7 ಕಿಲೋಗ್ರಾಂ ತೂಕದ ಒಂದೊಂದು ಎರಕದ ಕಬ್ಬಿಣದ ಡಿಸ್ಕಿನ ಉಷ್ಣಾಂಶ ಒಂದು ಪೂರ್ಣ ನಿಲುಗಡೆಯಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಡಿಸ್ಕ್ 10 ಕಿಲೋಗ್ರಾಂ ಇದ್ದರೆ ಏರಿಕೆ 40 ಡಿಗ್ರಿಗಿಂತ ತುಸು ಹೆಚ್ಚು.

ಒಂದು ನಿಲುಗಡೆಗೆ ಈ ವ್ಯತ್ಯಾಸ ಗಣನೀಯವಲ್ಲ. ತಣಿಯಲು ಬಿಡುವಿಲ್ಲದೆ ಹತ್ತು ಬಾರಿ ಬ್ರೇಕ್ ಹಾಕಿದಾಗ ಅದೇ ವ್ಯತ್ಯಾಸ ನಿರ್ಣಾಯಕವಾಗುತ್ತದೆ. ಘಾಟಿ ರಸ್ತೆಯಲ್ಲಿ 600 ಮೀಟರ್ ಎತ್ತರವನ್ನು ಇಳಿಯುವ ಇದೇ ಕಾರು ಸುಮಾರು 88 ಲಕ್ಷ ಜೂಲ್ ಶಕ್ತಿಯನ್ನು ಬಿಡುಗಡೆ ಮಾಡುತ್ತದೆ. ಇದು ಮೇಲೆ ಹೇಳಿದ ಪೂರ್ಣ ನಿಲುಗಡೆಯ 15 ಪಟ್ಟು. ಇದರಲ್ಲಿ ಒಂದು ಪಾಲನ್ನು ಗಾಳಿಯ ತಡೆ ಹೀರಿಕೊಳ್ಳುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನ್ ಇನ್ನೊಂದು ದೊಡ್ಡ ಪಾಲನ್ನು ಹೀರಿಕೊಳ್ಳುತ್ತದೆ. ಉಳಿದದ್ದೆಲ್ಲ ಬ್ರೇಕಿನ ಪಾಲು.

ಉಷ್ಣ ಮಿತಿ ಮೀರಿದಾಗ ಬ್ರೇಕಿನ ಶಕ್ತಿ ಕುಂದುವುದನ್ನು 'ಬ್ರೇಕ್ ಫೇಡ್' ಎನ್ನುತ್ತಾರೆ. ಇದರಲ್ಲಿ ಎರಡು ಬಗೆಗಳಿವೆ. ಪ್ಯಾಡ್ ಅತಿಯಾಗಿ ಕಾದು ಘರ್ಷಣಾ ಗುಣಾಂಕ ಇಳಿದರೆ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಆದರೆ ಕಾರು ನಿಧಾನವಾಗುವುದಿಲ್ಲ. ಬ್ರೇಕ್ ದ್ರವ ಕುದಿದು ಆವಿಯ ಗುಳ್ಳೆಗಳು ಉಂಟಾದರೆ, ಆವಿ ಸುಲಭವಾಗಿ ಸಂಕುಚಿತಗೊಳ್ಳುವುದರಿಂದ ಪೆಡಲ್ ಮೆತ್ತಗಾಗಿ ನೆಲಕ್ಕೆ ಇಳಿಯುತ್ತದೆ. ಎರಡನೆಯದು ಹೆಚ್ಚು ಅಪಾಯಕರ.

ಸಾಮಾನ್ಯ ಬ್ರೇಕ್ ದ್ರವಗಳು ಗಾಳಿಯ ತೇವಾಂಶವನ್ನು ಹೀರಿಕೊಳ್ಳುತ್ತವೆ. ಆದುದರಿಂದ ಕಾಲಕ್ರಮದಲ್ಲಿ ಅವುಗಳ ಕುದಿಯುವ ಬಿಂದು ಇಳಿಯುತ್ತದೆ. ಅಮೆರಿಕದ ಮಾನದಂಡದಂತೆ ಡಾಟ್ 3 ದ್ರವದ ಕನಿಷ್ಠ ಕುದಿಯುವ ಬಿಂದು ಹೊಸದಾಗಿದ್ದಾಗ 205 ಡಿಗ್ರಿ, ತೇವ ಹೀರಿದಾಗ 140 ಡಿಗ್ರಿ ಸೆಲ್ಸಿಯಸ್. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155, ಡಾಟ್ 5.1ಕ್ಕೆ 260 ಮತ್ತು 180. ಸಿಲಿಕೋನ್ ಆಧಾರಿತ ಡಾಟ್ 5 ಬೇರೆಯೇ ಬಗೆಯ ದ್ರವವಾಗಿದ್ದು, ಅದನ್ನು ಇವುಗಳೊಂದಿಗೆ ಬೆರೆಸಬಾರದು.

ಪಿಸ್ಟನ್ ವಿಸ್ತೀರ್ಣದ ಲೆಕ್ಕ

ಚಕ್ರದ ಮೇಲೆ ಬ್ರೇಕ್ ಪ್ರಯೋಗಿಸುವ ತಿರುಗುಬಲ ಅಥವಾ ಟಾರ್ಕ್ ನಾಲ್ಕು ಅಂಶಗಳನ್ನು ಅವಲಂಬಿಸಿದೆ: ದ್ರವದ ಒತ್ತಡ, ಪಿಸ್ಟನ್‌ಗಳ ವಿಸ್ತೀರ್ಣ, ಪ್ಯಾಡಿನ ಘರ್ಷಣಾ ಗುಣಾಂಕ ಮತ್ತು ಡಿಸ್ಕಿನ ಪರಿಣಾಮಕಾರಿ ತ್ರಿಜ್ಯ. ಪಿಸ್ಟನ್‌ಗಳ ಸಂಖ್ಯೆ ಈ ಪಟ್ಟಿಯಲ್ಲಿಲ್ಲ. ಹೋಲಿಕೆ ಮಾಡುವಾಗ ಎರಡೂ ಬಗೆಯ ಕ್ಯಾಲಿಪರ್‌ಗಳಲ್ಲಿ ಒಂದು ಬದಿಯ ಪಿಸ್ಟನ್‌ಗಳ ವಿಸ್ತೀರ್ಣವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉದಾಹರಣೆಗೆ, 57 ಮಿ.ಮೀ. ವ್ಯಾಸದ ಒಂದೇ ಪಿಸ್ಟನ್ ಇರುವ ತೇಲುವ ಕ್ಯಾಲಿಪರಿನ ವಿಸ್ತೀರ್ಣ ಸುಮಾರು 2,552 ಚದರ ಮಿ.ಮೀ. ಪ್ರತಿ ಬದಿಗೆ 40 ಮತ್ತು 44 ಮಿ.ಮೀ. ಪಿಸ್ಟನ್‌ಗಳಿರುವ ನಾಲ್ಕು ಪಿಸ್ಟನ್‌ಗಳ ಸ್ಥಿರ ಕ್ಯಾಲಿಪರಿನದು ಸುಮಾರು 2,777 ಚದರ ಮಿ.ಮೀ. ಪಿಸ್ಟನ್‌ಗಳ ಸಂಖ್ಯೆ ನಾಲ್ಕು ಪಟ್ಟಾದರೂ ಒತ್ತುವ ಬಲ ಹೆಚ್ಚಿದ್ದು ಶೇಕಡಾ 9ರಷ್ಟು ಮಾತ್ರ. ಪ್ರತಿ ಬದಿಗೆ 36 ಮತ್ತು 40 ಮಿ.ಮೀ. ಪಿಸ್ಟನ್‌ಗಳಿದ್ದರೆ ಬಲ ಮೂಲಕ್ಕಿಂತ ಶೇಕಡಾ 11ರಷ್ಟು ಕಡಿಮೆಯಾಗುತ್ತದೆ.

ಪಿಸ್ಟನ್ ವಿಸ್ತೀರ್ಣ ಹೆಚ್ಚಿದಂತೆ ಅವುಗಳನ್ನು ಅಷ್ಟೇ ದೂರ ಸರಿಸಲು ಹೆಚ್ಚು ದ್ರವ ಬೇಕಾಗುತ್ತದೆ. ಮಾಸ್ಟರ್ ಸಿಲಿಂಡರ್ ಹಳೆಯದೇ ಆಗಿದ್ದರೆ ಪೆಡಲ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ದೊಡ್ಡ ಮಾಸ್ಟರ್ ಸಿಲಿಂಡರ್ ಹಾಕಿದರೆ ಪೆಡಲಿನ ಚಲನೆ ಕಡಿಮೆಯಾಗುತ್ತದೆ, ಆದರೆ ಅದೇ ಒತ್ತಡಕ್ಕೆ ಕಾಲಿನಿಂದ ಹೆಚ್ಚು ಬಲ ಹಾಕಬೇಕಾಗುತ್ತದೆ.

ಮುಂದಿನ ಮತ್ತು ಹಿಂದಿನ ಬ್ರೇಕುಗಳ ಸಮತೋಲನ

ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಮುಂದಿನ ಚಕ್ರಗಳಿಗೆ ಹೆಚ್ಚು ಬ್ರೇಕ್ ಬಲವನ್ನು ನೀಡಲಾಗಿರುತ್ತದೆ. ಈ ಹಂಚಿಕೆಯನ್ನು ತಯಾರಕರು ಆಯಾ ಕಾರಿನ ತೂಕ, ಗುರುತ್ವ ಕೇಂದ್ರದ ಎತ್ತರ ಮತ್ತು ಚಕ್ರಾಂತರಗಳನ್ನು ನೋಡಿ ನಿಗದಿಪಡಿಸುತ್ತಾರೆ. ಮುಂದಿನ ಕ್ಯಾಲಿಪರ್‌ಗಳನ್ನು ಮಾತ್ರ ಬದಲಾಯಿಸಿದಾಗ ಈ ಹಂಚಿಕೆ ಕದಲುತ್ತದೆ.

ಮೇಲಿನ ಉದಾಹರಣೆಯಲ್ಲಿ ಪಿಸ್ಟನ್ ವಿಸ್ತೀರ್ಣ ಶೇಕಡಾ 9 ಹೆಚ್ಚಿತು. ಅದರೊಂದಿಗೆ ಡಿಸ್ಕಿನ ವ್ಯಾಸವನ್ನು 280ರಿಂದ 330 ಮಿ.ಮೀ.ಗೆ ಏರಿಸಿದರೆ, ಪ್ಯಾಡಿನ ಎತ್ತರ 50 ಮಿ.ಮೀ. ಇರುವಾಗ, ಪರಿಣಾಮಕಾರಿ ತ್ರಿಜ್ಯ 115ರಿಂದ 140 ಮಿ.ಮೀ. ಆಗುತ್ತದೆ. ಎರಡೂ ಸೇರಿ ಮುಂದಿನ ಟಾರ್ಕ್ ಸುಮಾರು ಶೇಕಡಾ 32 ಏರುತ್ತದೆ. ಮೂಲ ಹಂಚಿಕೆ 70:30 ಇದ್ದರೆ ಅದು ಸುಮಾರು 76:24 ಆಗುತ್ತದೆ. ಆಗ ಮುಂದಿನ ಟೈರುಗಳು ಬೇಗನೆ ತಮ್ಮ ಮಿತಿಯನ್ನು ತಲುಪುತ್ತವೆ, ಹಿಂದಿನ ಟೈರುಗಳ ಹಿಡಿತ ಬಳಕೆಯಾಗದೆ ಉಳಿಯುತ್ತದೆ. ದುಬಾರಿ ಕಿಟ್ ಹಾಕಿದ ಮೇಲೂ ಕಾರು ಮೊದಲಿಗಿಂತ ದೂರ ಹೋಗಿ ನಿಲ್ಲಲು ಇದು ಮುಖ್ಯ ಕಾರಣ. ಎಲೆಕ್ಟ್ರಾನಿಕ್ ಬ್ರೇಕ್ ಬಲ ಹಂಚಿಕೆ ಇರುವ ಕಾರುಗಳಲ್ಲಿ ಇದರ ಪರಿಣಾಮ ಭಾಗಶಃ ಸರಿಹೋಗಬಹುದು.

ಹಿಂದಿನ ಬ್ರೇಕುಗಳನ್ನು ಮಾತ್ರ ಬಲಪಡಿಸುವುದು ಇದಕ್ಕಿಂತ ಅಪಾಯಕರ. ಹಿಂದಿನ ಚಕ್ರಗಳು ಮೊದಲು ಲಾಕ್ ಆದರೆ ಕಾರು ಪಕ್ಕಕ್ಕೆ ಹೊರಳಿ ಗಿರಕಿ ಹೊಡೆಯುತ್ತದೆ. ಒಳ್ಳೆಯ ಕಿಟ್‌ಗಳಲ್ಲಿ ದೊಡ್ಡ ಡಿಸ್ಕಿಗೆ ಪ್ರತಿಯಾಗಿ ಪಿಸ್ಟನ್ ವಿಸ್ತೀರ್ಣವನ್ನು ಬೇಕೆಂದೇ ಕಡಿಮೆ ಮಾಡಿ ಮೂಲ ಸಮತೋಲನವನ್ನು ಉಳಿಸಿಕೊಂಡಿರುತ್ತಾರೆ.

ಒಂದು ಉದಾಹರಣೆ: ಸುಬಾರು ಇಂಪ್ರೆಝಾ

ಒಂದೇ ಮಾದರಿಯ ಹೆಚ್ಚು ಶಕ್ತಿಯ ಆವೃತ್ತಿಯಿಂದ ಬ್ರೇಕುಗಳನ್ನು ತೆಗೆದು ಕಡಿಮೆ ಶಕ್ತಿಯ ಆವೃತ್ತಿಗೆ ಹಾಕುವುದು ಹವ್ಯಾಸಿಗಳಲ್ಲಿ ಜನಪ್ರಿಯ ಮಾರ್ಗ. ಸುಬಾರು ಸಂಸ್ಥೆಯ ಇಂಪ್ರೆಝಾ ಡಬ್ಲ್ಯೂಆರ್‌ಎಕ್ಸ್ ಕಾರಿಗೆ ಡಬ್ಲ್ಯೂಆರ್‌ಎಕ್ಸ್ ಎಸ್‌ಟಿಐ ಆವೃತ್ತಿಯ ಬ್ರೆಂಬೊ ಕ್ಯಾಲಿಪರ್‌ಗಳನ್ನು ಅಳವಡಿಸುವುದು ಇದಕ್ಕೆ ಹೆಸರಾದ ನಿದರ್ಶನ. ಉತ್ತರ ಅಮೆರಿಕದಲ್ಲಿ 2004ರ ಮಾದರಿಯಾಗಿ ಬಂದ ಎಸ್‌ಟಿಐ ಕಾರಿನ ಮುಂಭಾಗದಲ್ಲಿ ನಾಲ್ಕು ಪಿಸ್ಟನ್‌ಗಳ ಕ್ಯಾಲಿಪರ್ ಮತ್ತು 326 ಮಿ.ಮೀ. ಡಿಸ್ಕ್, ಹಿಂಭಾಗದಲ್ಲಿ ಎರಡು ಪಿಸ್ಟನ್‌ಗಳ ಕ್ಯಾಲಿಪರ್ ಮತ್ತು 316 ಮಿ.ಮೀ. ಡಿಸ್ಕ್ ಇದ್ದವು.

ಒಂದೇ ಕುಟುಂಬದ ಕಾರುಗಳಾದರೂ ಹೊಂದಾಣಿಕೆ ಸಂಪೂರ್ಣವಲ್ಲ. ಡಬ್ಲ್ಯೂಆರ್‌ಎಕ್ಸ್‌ನ 16 ಇಂಚಿನ ಚಕ್ರಗಳೊಳಗೆ ಈ ಕ್ಯಾಲಿಪರ್ ಹಿಡಿಸುವುದಿಲ್ಲ. ಕನಿಷ್ಠ 17 ಇಂಚಿನ ಸೂಕ್ತ ಚಕ್ರ ಬೇಕು. 2005ರ ಮಾದರಿಯಿಂದ ಎಸ್‌ಟಿಐ ಚಕ್ರಗಳ ಐದು ಬೋಲ್ಟ್‌ಗಳ ವೃತ್ತದ ವ್ಯಾಸ 100ರಿಂದ 114.3 ಮಿ.ಮೀ.ಗೆ ಬದಲಾದುದರಿಂದ ಆ ವರ್ಷದ ಡಿಸ್ಕುಗಳು ಹಳೆಯ ಹಬ್‌ಗೆ ಕೂರುವುದಿಲ್ಲ. ಹಿಂದಿನ ಡಿಸ್ಕಿನೊಳಗೆ ಅಡಗಿರುವ ಪಾರ್ಕಿಂಗ್ ಬ್ರೇಕಿನ ಡ್ರಮ್ ಡಬ್ಲ್ಯೂಆರ್‌ಎಕ್ಸ್‌ನಲ್ಲಿ 170 ಮಿ.ಮೀ., ಎಸ್‌ಟಿಐನಲ್ಲಿ 190 ಮಿ.ಮೀ. ಇದನ್ನು ಗಮನಿಸದೆ ಡಿಸ್ಕ್ ಬದಲಾಯಿಸಿದರೆ ಪಾರ್ಕಿಂಗ್ ಬ್ರೇಕೇ ಇಲ್ಲದಂತಾಗುತ್ತದೆ.

ಹೊಂದಾಣಿಕೆಯ ಪರಿಶೀಲನೆ

ಖರೀದಿಗೆ ಮೊದಲು ಪರಿಶೀಲಿಸಬೇಕಾದ ಅಂಶಗಳು ಇವು:

- ಚಕ್ರದ ಒಳಜಾಗ. ಹಲವು ತಯಾರಕರು ಕ್ಯಾಲಿಪರಿನ ಆಕೃತಿಯನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ಒದಗಿಸುತ್ತಾರೆ. ಅದನ್ನು ರಟ್ಟಿಗೆ ಅಂಟಿಸಿ ಕತ್ತರಿಸಿ ಚಕ್ರದೊಳಗೆ ಹಿಡಿದು ನೋಡಬಹುದು. ಚಕ್ರದ ಅಂಚಿನಷ್ಟೇ ಅದರ ಕಡ್ಡಿಗಳ ಒಳಮುಖವೂ ಕ್ಯಾಲಿಪರಿಗೆ ತಾಗಬಾರದು.
- ಕ್ಯಾಲಿಪರ್ ಬೋಲ್ಟ್‌ಗಳ ನಡುವಣ ಅಂತರ ಹಾಗೂ ಬ್ರಾಕೆಟ್ಟಿನ ದಪ್ಪ.
- ಡಿಸ್ಕಿನ ನಡುರಂಧ್ರದ ಅಳತೆ, ದಪ್ಪ ಮತ್ತು ಕ್ಯಾಲಿಪರಿನ ನಡುವೆ ಅದು ಸರಿಯಾಗಿ ಮಧ್ಯದಲ್ಲಿ ಕೂರುವುದು.
- ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ಣ ತಿರುಗಿಸಿದಾಗಲೂ ಸಾಲುವಷ್ಟು ಉದ್ದವಾದ ಹೋಸ್.
- ಬಿಡಿಭಾಗದ ಸಾಚಾತನ. ಹೆಸರಾಂತ ಸಂಸ್ಥೆಗಳ ಕ್ಯಾಲಿಪರ್‌ಗಳ ನಕಲುಗಳು ಮಾರುಕಟ್ಟೆಯಲ್ಲಿವೆ. ಮೂಲ ಕ್ಯಾಲಿಪರಿನ ಮೇಲೆ ಕೂರಿಸುವ ಅಲಂಕಾರಿಕ ಮುಚ್ಚಳಗಳಿಂದ ಯಾವ ಪ್ರಯೋಜನವೂ ಇಲ್ಲ. ಅವು ಗಾಳಿಯಾಡುವುದಕ್ಕೆ ಅಡ್ಡಿಯಾಗಬಹುದು.

ಮನೆಯಲ್ಲಿ ಅಳವಡಿಕೆ

ಯಂತ್ರಕೆಲಸದ ಅನುಭವವುಳ್ಳವರು ಈ ಕೆಲಸವನ್ನು ಮನೆಯಲ್ಲಿ ಮಾಡಬಹುದಾದರೂ ಇಲ್ಲಿನ ತಪ್ಪುಗಳ ಪರಿಣಾಮ ರಸ್ತೆಯಲ್ಲಿರುವ ಇತರರ ಮೇಲೂ ಆಗುತ್ತದೆ. ಬ್ರೇಕ್ ದ್ರವವನ್ನು ಹಿಂದೆಂದೂ ಬದಲಾಯಿಸದವರು ಇದನ್ನು ಅನುಭವಿ ಮೆಕ್ಯಾನಿಕ್ ಒಬ್ಬರ ಸಮ್ಮುಖದಲ್ಲಿ ಮಾಡುವುದು ಉಚಿತ.

ಸಮತಟ್ಟಾದ ಗಟ್ಟಿ ನೆಲದಲ್ಲಿ ಕಾರನ್ನು ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟು, ಜ್ಯಾಕಿನಿಂದ ಎತ್ತಿ, ಸ್ಟ್ಯಾಂಡ್‌ಗಳ ಮೇಲೆ ಕೂರಿಸಲಾಗುತ್ತದೆ. ಜ್ಯಾಕ್ ಒಂದರ ಆಸರೆಯಲ್ಲೇ ಕೆಲಸ ಮಾಡಬಾರದು. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನಲ್ಲಿ ಹಿಂದಿನ ಕ್ಯಾಲಿಪರನ್ನು ಬಿಚ್ಚುವ ಮೊದಲು ಅದನ್ನು ತಯಾರಕರು ಸೂಚಿಸಿದಂತೆ ದುರಸ್ತಿ ಸ್ಥಿತಿಗೆ ತರಬೇಕು. ಬಿಚ್ಚಿದ ಕ್ಯಾಲಿಪರನ್ನು ಹೋಸಿನಿಂದ ಜೋತುಬಿಡದೆ ತಂತಿಯಿಂದ ಕಟ್ಟಿಡಬೇಕು. ಪ್ಯಾಡಿನ ದೂಳನ್ನು ಗಾಳಿ ಊದಿ ಹಾರಿಸಬಾರದು. ಹಳೆಯ ಪ್ಯಾಡ್‌ಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ.

ಹಬ್ಬಿನ ಮೇಲ್ಮೈಯ ತುಕ್ಕನ್ನು ಪೂರ್ತಿಯಾಗಿ ಉಜ್ಜಿ ತೆಗೆದ ಮೇಲೆ ಹೊಸ ಡಿಸ್ಕನ್ನು ಕೂರಿಸಬೇಕು. ಇಲ್ಲಿ ಉಳಿದ ತೆಳುವಾದ ತುಕ್ಕಿನ ಪದರವೂ ಡಿಸ್ಕನ್ನು ಓರೆಯಾಗಿ ತಿರುಗಿಸಿ ಪೆಡಲಿನಲ್ಲಿ ಕಂಪನ ಉಂಟುಮಾಡುತ್ತದೆ. ಬೋಲ್ಟ್‌ಗಳನ್ನು ತಯಾರಕರು ನಿಗದಿಪಡಿಸಿದ ಪ್ರಮಾಣಕ್ಕೆ ಟಾರ್ಕ್ ರೆಂಚಿನಿಂದಲೇ ಬಿಗಿಗೊಳಿಸಬೇಕು. ಹೋಸ್ ಸೇರುವಲ್ಲಿನ ಲೋಹದ ವಾಷರ್‌ಗಳನ್ನು ಪ್ರತಿ ಬಾರಿಯೂ ಹೊಸದಾಗಿ ಹಾಕಬೇಕು.

ಎಡ ಮತ್ತು ಬಲ ಕ್ಯಾಲಿಪರ್‌ಗಳು ನೋಡಲು ಒಂದೇ ಬಗೆಯಾಗಿದ್ದರೂ ಅವನ್ನು ಅದಲುಬದಲು ಮಾಡಬಾರದು. ಒಂದು ಬದಿಯ ಪಿಸ್ಟನ್‌ಗಳು ಬೇರೆ ಬೇರೆ ಅಳತೆಯವಾಗಿದ್ದರೆ, ಡಿಸ್ಕ್ ಒಳಬರುವ ಕಡೆ ಚಿಕ್ಕದು, ಹೊರಹೋಗುವ ಕಡೆ ದೊಡ್ಡದು ಇರುತ್ತದೆ. ಪ್ಯಾಡ್ ಒಂದು ತುದಿಯಲ್ಲಿ ಹೆಚ್ಚು ಸವೆಯದಿರಲು ಈ ವ್ಯವಸ್ಥೆ. ಗಾಳಿ ತೆಗೆಯುವ ತಿರುಪು ಯಾವಾಗಲೂ ಕ್ಯಾಲಿಪರಿನ ಮೇಲ್ತುದಿಯಲ್ಲಿರಬೇಕು. ಅದು ಕೆಳಗೆ ಬಂದಿದ್ದರೆ ಕ್ಯಾಲಿಪರ್ ಬದಿ ತಪ್ಪಿದೆ ಎಂದರ್ಥ. ಆಗ ಎಷ್ಟು ದ್ರವ ಹರಿಸಿದರೂ ಮೇಲೆ ಸಿಲುಕಿದ ಗಾಳಿ ಹೊರಬರುವುದಿಲ್ಲ.

ಗಾಳಿ ತೆಗೆಯುವಿಕೆ

ಹೊಸ ಕ್ಯಾಲಿಪರಿನಲ್ಲಿರುವ ಗಾಳಿಯನ್ನು ಹೊರಹಾಕುವ ಈ ಕ್ರಿಯೆಯನ್ನು ಗ್ಯಾರೇಜುಗಳಲ್ಲಿ 'ಬ್ಲೀಡಿಂಗ್' ಎನ್ನುತ್ತಾರೆ. ತಿರುಪಿಗೆ ಪಾರದರ್ಶಕ ಕೊಳವೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ತುಸು ಬ್ರೇಕ್ ದ್ರವವಿರುವ ಬಾಟಲಿಯಲ್ಲಿ ಮುಳುಗಿಸಲಾಗುತ್ತದೆ. ಒಬ್ಬರು ಪೆಡಲನ್ನು ಒತ್ತಿ ಹಿಡಿದಾಗ ಇನ್ನೊಬ್ಬರು ತಿರುಪನ್ನು ಸಡಿಲಿಸಿ, ಪೆಡಲ್ ಮೇಲೆ ಬರುವ ಮೊದಲೇ ಬಿಗಿಗೊಳಿಸುತ್ತಾರೆ. ಗುಳ್ಳೆಗಳಿಲ್ಲದ ಶುದ್ಧ ದ್ರವ ಬರುವವರೆಗೆ ಇದನ್ನು ಪುನರಾವರ್ತಿಸಲಾಗುತ್ತದೆ. ಕ್ಯಾಲಿಪರಿನಲ್ಲಿ ಎರಡು ತಿರುಪುಗಳಿದ್ದರೆ ಎರಡರಿಂದಲೂ ಗಾಳಿ ತೆಗೆಯಬೇಕು.

ಮೇಲಿನ ದ್ರವದ ಡಬ್ಬಿ ಬರಿದಾಗದಂತೆ ಆಗಾಗ ತುಂಬುತ್ತಿರಬೇಕು. ಬರಿದಾದರೆ ಗಾಳಿ ಎಬಿಎಸ್ ಘಟಕದೊಳಕ್ಕೆ ಸೇರುತ್ತದೆ. ಅದನ್ನು ತೆಗೆಯಲು ಹಲವು ಕಾರುಗಳಲ್ಲಿ ಸ್ಕ್ಯಾನರ್ ಉಪಕರಣ ಬೇಕಾಗುತ್ತದೆ. ಬ್ರೇಕ್ ದ್ರವ ಬಣ್ಣವನ್ನು ಕರಗಿಸುವುದರಿಂದ ಚೆಲ್ಲಿದಲ್ಲಿ ಕೂಡಲೇ ನೀರಿನಿಂದ ತೊಳೆಯಬೇಕು.

ಪರೀಕ್ಷೆ ಮತ್ತು ಪ್ಯಾಡ್ ಹದಗೊಳಿಸುವಿಕೆ

ಕಾರನ್ನು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವವರೆಗೆ ಹಲವು ಬಾರಿ ಒತ್ತಬೇಕು. ಅಳವಡಿಸುವಾಗ ಹಿಂದಕ್ಕೆ ತಳ್ಳಿದ ಪಿಸ್ಟನ್‌ಗಳು ಪ್ಯಾಡಿನಿಂದ ದೂರವಿರುವುದರಿಂದ ಮೊದಲ ಒತ್ತಿಗೆ ಪೆಡಲ್ ನೆಲಕ್ಕೆ ಇಳಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಇದನ್ನು ಮರೆತು ಕಾರನ್ನು ಹೊರತೆಗೆದರೆ ಮೊದಲ ತಿರುವಿನಲ್ಲೇ ಅಪಘಾತ ಸಂಭವಿಸಬಹುದು. ಬಳಿಕ ಪೆಡಲನ್ನು ಬಲವಾಗಿ ಒತ್ತಿ ಹಿಡಿದು, ಪ್ರತಿ ಜೋಡಣೆಯಲ್ಲೂ ಸೋರಿಕೆ ಇದೆಯೇ ಎಂದು ಇನ್ನೊಬ್ಬರು ನೋಡಬೇಕು.

ಹೊಸ ಪ್ಯಾಡಿನ ವಸ್ತುವಿನ ತೆಳುಪದರ ಡಿಸ್ಕಿನ ಮೇಲೆ ಸಮನಾಗಿ ಕೂರಲು ನಿಯಂತ್ರಿತ ಕಾಯಿಸುವಿಕೆ ಅಗತ್ಯ. ವಾಹನ ಸಂಚಾರವಿಲ್ಲದ ಸುರಕ್ಷಿತ ಜಾಗದಲ್ಲಿ, ಮಧ್ಯಮ ವೇಗದಿಂದ ನಿಧಾನ ವೇಗಕ್ಕೆ, ಪೂರ್ತಿ ನಿಲ್ಲಿಸದೆ, ಹಲವು ಬಾರಿ ಬ್ರೇಕ್ ಹಾಕಿ, ಅನಂತರ ಬ್ರೇಕ್ ಬಳಸದೆ ಓಡಿಸಿ ತಣಿಸಲಾಗುತ್ತದೆ. ವೇಗ ಮತ್ತು ಬಾರಿಗಳ ಸಂಖ್ಯೆ ಪ್ಯಾಡಿನಿಂದ ಪ್ಯಾಡಿಗೆ ಬೇರೆಯಾಗುವುದರಿಂದ ತಯಾರಕರ ಸೂಚನೆಯನ್ನೇ ಅನುಸರಿಸಬೇಕು. ಕೆಲವು ದಿನಗಳ ಬಳಿಕ ಬೋಲ್ಟ್‌ಗಳ ಬಿಗಿತವನ್ನೂ ದ್ರವದ ಮಟ್ಟವನ್ನೂ ಮತ್ತೊಮ್ಮೆ ಪರಿಶೀಲಿಸುವುದು ವಾಡಿಕೆ.

ಕಾನೂನು

ಬ್ರೇಕ್ ಮಾರ್ಪಾಡಿನ ನಿಯಮಗಳು ದೇಶದಿಂದ ದೇಶಕ್ಕೆ ಭಿನ್ನವಾಗಿವೆ. ಜರ್ಮನಿಯಲ್ಲಿ ಅನುಮೋದನೆಯಿಲ್ಲದ ಬ್ರೇಕ್ ಭಾಗಗಳನ್ನು ಹಾಕಿದರೆ ವಾಹನದ ಸಂಚಾರ ಪರವಾನಗಿಯೇ ರದ್ದಾಗಬಹುದು. ಭಾರತದಲ್ಲಿ 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಪ್ರಕರಣ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯ ತೀರ್ಪಿನಲ್ಲಿ ಈ ನಿರ್ಬಂಧವನ್ನು ಎತ್ತಿಹಿಡಿದಿದೆ. ಬ್ರೇಕುಗಳ ಬಗ್ಗೆ 1989ರ ಕೇಂದ್ರ ಮೋಟಾರು ವಾಹನಗಳ ನಿಯಮಗಳಲ್ಲಿ ಪ್ರತ್ಯೇಕ ನಿಯಮಗಳಿವೆ. ಆದುದರಿಂದ ಕೆಲಸಕ್ಕೆ ಮೊದಲು ಪ್ರಾದೇಶಿಕ ಸಾರಿಗೆ ಕಚೇರಿಯನ್ನೂ ವಿಮಾ ಸಂಸ್ಥೆಯನ್ನೂ ವಿಚಾರಿಸುವುದು ಸೂಕ್ತ.

ಪರ್ಯಾಯಗಳು

ಉಷ್ಣದ ಸಮಸ್ಯೆ ಇಲ್ಲದ ದೈನಂದಿನ ಬಳಕೆಯ ಕಾರಿಗೆ ಕ್ಯಾಲಿಪರ್ ಬದಲಾವಣೆಗಿಂತ ಸರಳವಾದ ಮಾರ್ಗಗಳಿವೆ. ಒಳ್ಳೆಯ ಟೈರುಗಳು ನಿಲುಗಡೆಯ ದೂರವನ್ನು ನೇರವಾಗಿ ಇಳಿಸುತ್ತವೆ. ಹೊಸ ಬ್ರೇಕ್ ದ್ರವ, ಹೆಚ್ಚು ಉಷ್ಣ ತಾಳುವ ಪ್ಯಾಡ್ ಹಾಗೂ ಸುಸ್ಥಿತಿಯ ಡಿಸ್ಕುಗಳು ಮೂಲ ಕ್ಯಾಲಿಪರಿನೊಂದಿಗೇ ಫೇಡ್ ಆಗುವುದನ್ನು ಬಹಳಷ್ಟು ಮುಂದೂಡುತ್ತವೆ. ಆದರೆ ಓಟದ ಪಥಕ್ಕೆಂದೇ ಮಾಡಿದ ಪ್ಯಾಡ್‌ಗಳು ತಣ್ಣಗಿರುವಾಗ ಸರಿಯಾಗಿ ಹಿಡಿಯದೆ ಇರುವುದರಿಂದ ರಸ್ತೆ ಬಳಕೆಗೆ ತಕ್ಕವಲ್ಲ. ತೇಲುವ ಕ್ಯಾಲಿಪರಿನ ಪಿನ್ನುಗಳು ತುಕ್ಕು ಹಿಡಿದು ಸರಿಯದೆ ನಿಂತಿದ್ದರೆ ಅವನ್ನು ಶುಚಿಗೊಳಿಸಿ ಸೂಕ್ತ ಗ್ರೀಸ್ ಹಚ್ಚುವುದರಿಂದಲೇ ಕಳೆದುಹೋದ ಬ್ರೇಕ್ ಶಕ್ತಿ ಮರಳಿ ಬರುವುದುಂಟು. ಇವೆಲ್ಲವನ್ನೂ ಮಾಡಿದ ಮೇಲೂ ಓಟದ ಪಥದಲ್ಲಿ, ದೀರ್ಘ ಇಳಿಜಾರಿನಲ್ಲಿ ಅಥವಾ ಎಂಜಿನ್ ಶಕ್ತಿಯನ್ನು ಹೆಚ್ಚಿಸಿದ ಕಾರಿನಲ್ಲಿ ಬ್ರೇಕ್ ಮಿತಿಮೀರಿ ಕಾಯುತ್ತಿದ್ದರೆ ದೊಡ್ಡ ಡಿಸ್ಕ್ ಮತ್ತು ಅದಕ್ಕೆ ಲೆಕ್ಕಹಾಕಿ ಹೊಂದಿಸಿದ ಕ್ಯಾಲಿಪರ್ ಸಾರ್ಥಕವಾಗುತ್ತದೆ.